ಫೆಬ್ರವರಿ ನಾಲ್ಕಕ್ಕೇ ವಸಂತ

ಜಪಾನಿನ ವಸಂತವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಚೆರ್ರಿ ಹೂವು. ಆದರೆ ಅಲ್ಲಿನ ಸಂಪ್ರದಾಯದ ಪ್ರಕಾರ ವಸಂತ ಹುಟ್ಟುವ ಹೊತ್ತಿಗೆ ಟೋಕಿಯೋದ ಹೆಚ್ಚಿನ ಚೆರ್ರಿ ಮರಗಳಲ್ಲಿ ಹೂವೇ ಇರುವುದಿಲ್ಲ. ಉತ್ತರದ ಹೊಕ್ಕೈದೋ ಹಿಮದಲ್ಲಿ ಹೂತಿರುತ್ತದೆ. ಫೆಬ್ರವರಿ 4ರ ಆಸುಪಾಸಿನ ಆ ದಿನದ ಹೆಸರು ರಿಶ್ಶುನ್.

ಇದು ಸೂರ್ಯನ ಲೆಕ್ಕ. ಸೂರ್ಯನ ವರ್ಷದ ಹಾದಿಯನ್ನು 24 ಭಾಗ ಮಾಡುವ ಪದ್ಧತಿ ಜಪಾನಿಗೆ ಚೀನಾದಿಂದ ಬಂತು. ವರ್ಷದ ಅತಿ ದೀರ್ಘ ರಾತ್ರಿಗೂ ಹಗಲಿರುಳು ಸಮನಾಗುವ ಮಾರ್ಚಿನ ದಿನಕ್ಕೂ ನಟ್ಟನಡುವೆ ಬೀಳುವುದೇ ರಿಶ್ಶುನ್. ಹಗಲು ಬೆಳೆಯತೊಡಗಿ ಆಗಲೇ ಒಂದೂವರೆ ತಿಂಗಳಾಗಿರುತ್ತದೆ. ನೆಲ, ಕಡಲು ಬಿಸಿಯಾಗಲು ತಡವಾಗುವುದರಿಂದ ಚಳಿ ಮಾತ್ರ ಬಿಟ್ಟಿರುವುದಿಲ್ಲ. ಬಿಸಿಲಿಗೆ ಕಾಯದೆ ಬೆಳಕನ್ನು ನೋಡಿಯೇ ಋತುವನ್ನು ಗುರುತಿಸಿದ ಈ ಜಾಣ್ಮೆ ನನಗೆ ಬಹಳ ಹಿಡಿಸುತ್ತದೆ. ನಮ್ಮ ಸಂಕ್ರಾಂತಿಯಂತೆ ಇದೂ ಸೂರ್ಯನನ್ನು ಹಿಡಿದು ನಡೆಯುವುದರಿಂದ ದಿನಾಂಕ ಹೆಚ್ಚು ಆಚೀಚೆ ಆಗದು. 2021 ಮತ್ತು 2025ರಲ್ಲಿ ಒಂದು ದಿನ ಮೊದಲೇ, ಫೆಬ್ರವರಿ 3ಕ್ಕೆ ಬಂದಿತ್ತು.

1873ರಲ್ಲಿ ಈಗಿನ ಕ್ಯಾಲೆಂಡರಿಗೆ ಬದಲಾಗುವವರೆಗೂ ಜಪಾನಿನ ತಿಂಗಳುಗಳು ಚಂದ್ರನವು. ಹೊಸ ವರ್ಷವೂ ವಸಂತಾರಂಭವೂ ಹತ್ತಿರ ಹತ್ತಿರ ಬರುತ್ತಿದ್ದವು, ಆದರೆ ಯಾವುದು ಮೊದಲು ಎಂಬುದಕ್ಕೆ ನಿಯಮವಿರಲಿಲ್ಲ. ಹತ್ತನೆಯ ಶತಮಾನದ ಆರಂಭದ ಪ್ರಸಿದ್ಧ ಸಂಕಲನ 'ಕೊಕಿನ್‌ಶೂ'ವಿನ ಮೊಟ್ಟಮೊದಲ ಕವಿತೆಯ ವಸ್ತುವೇ ಇದು: ವರ್ಷ ಮುಗಿಯುವ ಮೊದಲೇ ಬಂದುಬಿಟ್ಟ ವಸಂತ. ಇಂದಿಗೂ ಜನವರಿ 1ರ ಶುಭಾಶಯ ಪತ್ರಗಳಲ್ಲಿ ಜಪಾನೀಯರು ವಸಂತವನ್ನೇ ಸ್ವಾಗತಿಸುತ್ತಾರೆ.

ಸಂಭ್ರಮವೆಲ್ಲ ರಿಶ್ಶುನ್‌ನ ಹಿಂದಿನ ದಿನ, ಸೆತ್ಸುಬುನ್‌ನಲ್ಲಿ. ಋತು ಬದಲಾಗುವ ಸಂದಿಯಲ್ಲಿ 'ಓನಿ' ಎಂಬ ಕೊಂಬಿನ ರಾಕ್ಷಸರು ಮನೆ ಹೊಗುತ್ತಾರೆ, ರೋಗ ತರುತ್ತಾರೆ ಎಂಬ ನಂಬಿಕೆ. ಸಂಜೆ ಹುರಿದ ಸೋಯಾ ಕಾಳನ್ನು ಮರದ ಚೌಕ ಅಳತೆಪಾತ್ರೆಯಲ್ಲಿ ತುಂಬಿಕೊಂಡು, "ಓನಿ ಆಚೆಗೆ, ಅದೃಷ್ಟ ಒಳಗೆ" ಎಂದು ಕೂಗುತ್ತಾ ಎರಚುತ್ತಾರೆ. ಅನೇಕ ಮನೆಗಳಲ್ಲಿ ಅಪ್ಪನೇ ಓನಿಯ ಮುಖವಾಡ ಹಾಕಿ ಮಕ್ಕಳಿಂದ ಕಾಳಿನೇಟು ತಿನ್ನುತ್ತಾನೆ. ಕಾಳನ್ನು ಹುರಿಯಲೇಬೇಕು, ಮೂಲೆಯಲ್ಲುಳಿದ ಹಸಿ ಕಾಳು ಮೊಳೆತರೆ ಕೇಡು ಎನ್ನುತ್ತಾರೆ. ಆಮೇಲೆ ತಮ್ಮ ವಯಸ್ಸಿನಷ್ಟು ಕಾಳು ಎಣಿಸಿ ತಿನ್ನುವುದು, ಕೆಲವೆಡೆ ಒಂದು ಹೆಚ್ಚು. ಹೊಕ್ಕೈದೋದಲ್ಲಿ ಸೋಯಾ ಬದಲು ಸಿಪ್ಪೆ ಸಹಿತ ಕಡಲೆಕಾಯಿ ಎರಚುವುದೇ ಹೆಚ್ಚು. ಆರಿಸಿಕೊಳ್ಳುವುದು ಸುಲಭ, ನೆಲಕ್ಕೆ ಬಿದ್ದರೂ ಒಳಗಿನ ಬೀಜ ಶುಚಿ. ಬಾಗಿಲಲ್ಲಿ ಮುಳ್ಳೆಲೆಯ ರೆಂಬೆಗೆ ಸುಟ್ಟ ಬೂತಾಯಿ ಮೀನಿನ ತಲೆ ಸಿಕ್ಕಿಸುವ ರೂಢಿಯೂ ಇದೆ. ಮುಳ್ಳು ಓನಿಯ ಕಣ್ಣಿಗೆ, ನಾತ ಮೂಗಿಗೆ.

ಎಲ್ಲ ಕಡೆಯೂ ಓನಿಯನ್ನು ಓಡಿಸುವುದಿಲ್ಲ ಎಂಬುದು ಈ ಹಬ್ಬದ ಸೊಗಸು. ಟೋಕಿಯೋದ ಸೆನ್ಸೋಜಿ ದೇಗುಲದಲ್ಲಿ "ಓನಿ ಆಚೆಗೆ" ಎನ್ನುವುದೇ ಇಲ್ಲ. ಕರುಣಾಮಯಿ ಬೋಧಿಸತ್ವ ಕನ್ನೋನ್ ಇರುವಲ್ಲಿ ಓನಿಗೆ ಜಾಗವೇ ಇಲ್ಲವಂತೆ. ಯೊಶಿನೊ ಬೆಟ್ಟದ ಕಿಂಪುಸೆನ್‌ಜಿಯಲ್ಲಿ "ಓನಿಯೂ ಒಳಗೆ" ಎಂದು ಕರೆಯುತ್ತಾರೆ. ಊರೂರುಗಳಿಂದ ಅಟ್ಟಿಸಿಕೊಂಡು ಬಂದವರಿಗೆ ಅಲ್ಲಿ ಆಶ್ರಯ, ಜೊತೆಗೆ ಬುದ್ಧಮಾರ್ಗದ ಉಪದೇಶ.

ಮರುದಿನ ರಿಶ್ಶುನ್ ಸದ್ದಿಲ್ಲದೆ ಬರುತ್ತದೆ. ಜೆನ್ ದೇಗುಲಗಳ ಬಾಗಿಲಲ್ಲಿ 'ರಿಶ್ಶುನ್ ದೈಕಿಚಿ' (ವಸಂತಾರಂಭ, ಮಹಾಶುಭ) ಎಂದು ಬರೆದ ಕಾಗದ ಅಂಟಿಸುತ್ತಾರೆ. ಉದ್ದಕ್ಕೆ ಬರೆದ ಆ ನಾಲ್ಕು ಅಕ್ಷರಗಳು ಕಾಗದದ ಹಿಂಬದಿಯಿಂದ ನೋಡಿದರೂ ಹೆಚ್ಚುಕಡಿಮೆ ಹಾಗೇ ಕಾಣುತ್ತವೆ. ಒಳಹೊಕ್ಕ ಓನಿ ತಿರುಗಿ ನೋಡಿ, ತಾನಿನ್ನೂ ಹೊರಗೇ ಇದ್ದೇನೆಂದು ಭ್ರಮಿಸಿ ಆಚೆ ನಡೆದುಬಿಡುತ್ತಾನೆ ಎಂಬ ಕಥೆಯಿದೆ.

ಮಕ್ಕಳಿಗೆ ಸೆತ್ಸುಬುನ್ ಆಟವಾದರೆ ರೈತರಿಗೆ ರಿಶ್ಶುನ್ ಎಣಿಕೆಯ ಮೊದಲ ದಿನ. ರಿಶ್ಶುನ್‌ನಿಂದ 88ನೆಯ ದಿನ, ಅಂದರೆ ಮೇ 2ರ ಸುಮಾರಿಗೆ, ಚಹಾ ಚಿಗುರು ಕೀಳುವ ಕಾಲ. ಆ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ಭಯವೂ ಕಳೆದಿರುತ್ತದೆ. 210ನೆಯ ದಿನ ಸೆಪ್ಟೆಂಬರ್ 1ರ ಆಸುಪಾಸಿಗೆ ಬೀಳುತ್ತದೆ. ಭತ್ತ ಹೂಬಿಡುವ ಆ ಹೊತ್ತಿನಲ್ಲಿ ಚಂಡಮಾರುತ ಎರಗೀತೆಂದು ಹಿಂದಿನವರು ಎಚ್ಚರದಿಂದಿರುತ್ತಿದ್ದರು. ಜಪಾನಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಸಂತವೆಂದರೆ ಮಾರ್ಚಿನಿಂದ ಮೇವರೆಗೆ. ಆದರೂ ಅದೇ ಇಲಾಖೆ, ವರ್ಷದ ಮೊದಲ ಬಲವಾದ ತೆಂಕಣ ಗಾಳಿ 'ಹರು ಇಚಿಬನ್' ಬೀಸಿತೆಂದು ಸಾರಲು ದಿನ ಎಣಿಸುವುದು ರಿಶ್ಶುನ್‌ನಿಂದಲೇ.