ಅಗ್ನಿಶಾಮಕ ಠಾಣೆಯಲ್ಲಿ ಬಾರ್ ಇರುತ್ತದೆಯೇ?

ಪ್ರಶ್ನೆ: ಅಮೆರಿಕದ ಹಳ್ಳಿಗಳಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ಠಾಣೆಯಲ್ಲೇ ಬಿಯರ್ ಸಿಗುತ್ತದಂತೆ. ನಿಜವೇ?

ಉತ್ತರ: ನಿಜ, ಆದರೆ ಎಲ್ಲ ಕಡೆ ಅಲ್ಲ. ಆ ದೇಶದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥದೊಂದು ಸಂಘ ಕಟ್ಟಿದ್ದರು. ಠಾಣೆಯೆಂದರೆ ಅಲ್ಲಿ ಊರಿನ ಕ್ಲಬ್ಬೂ ಹೌದು: ಮದುವೆ, ಬಿಂಗೊ, ಮೀನಿನೂಟ ಎಲ್ಲಕ್ಕೂ ಅದೇ ಹಾಲ್. ಪೆನ್ಸಿಲ್ವೇನಿಯಾದಲ್ಲಿ ಕೆಲವು ಠಾಣೆಗಳು ಲೈಸೆನ್ಸ್ ಪಡೆದು ಬಾರನ್ನೇ ನಡೆಸುತ್ತವೆ. ಅದರ ಲಾಭ ಹೊಸ ವಾಹನಕ್ಕೆ, ಹೋಸ್ ಪೈಪಿಗೆ. ಕುಡಿತದ ದುಡ್ಡಿನಿಂದ ಬೆಂಕಿ ಆರಿಸುವುದು ವಿಚಿತ್ರವೇ. ನಮ್ಮಲ್ಲೂ ಅಬಕಾರಿ ಆದಾಯ ಎಲ್ಲೆಲ್ಲಿಗೆ ಹೋಗುತ್ತದೆಂದು ನೆನೆದರೆ ನಗುವಂತಿಲ್ಲ.

ತೊಡಕು ಬೇರೆಯೇ. ಸ್ವಯಂಸೇವಕನಿಗೆ ಡ್ಯೂಟಿ ವೇಳೆ ಎಂಬುದಿಲ್ಲ. ಶನಿವಾರ ರಾತ್ರಿ ಎರಡು ಬಿಯರ್ ಮುಗಿಸಿ ಕುಳಿತಾಗ ಪೇಜರ್ ಕೂಗಿದರೆ? ಮೊದಲು ಸ್ವಂತ ಕಾರು ಓಡಿಸಿಕೊಂಡು ಠಾಣೆಗೆ ಬರಬೇಕು, ಆಮೇಲೆ ನೀರು ತುಂಬಿದ ಭಾರಿ ಲಾರಿ. ಹೊಗೆ ತುಂಬಿದ ಮನೆಯೊಳಗೆ ಜೊತೆಗಾರನ ಜೀವವೂ ಅವನ ಕೈಯಲ್ಲಿ. ಅದಕ್ಕೇ ಅಗ್ನಿಶಾಮಕ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘದ ನಿಲುವು ಸರಳ: ಹಿಂದಿನ 8 ಗಂಟೆಯೊಳಗೆ ಕುಡಿದಿದ್ದರೆ ಕರೆಗೆ ಹೋಗಕೂಡದು. ಠಾಣೆಯೊಳಗೆ ಮದ್ಯವೇ ಬೇಡವೆಂದೂ ಅದು ಹೇಳುತ್ತದೆ. ಆದರೆ ಅದು ಕಾನೂನಲ್ಲ, ಸಲಹೆ. ಜಾರಿ ಆಯಾ ಠಾಣೆಗೆ ಬಿಟ್ಟದ್ದು.

ನನ್ನ ಮಟ್ಟಿಗೆ, ಕುಡಿದವನು ಮನೆಯಲ್ಲೇ ಉಳಿದರೆ ಅದೂ ಸೇವೆಯೇ.