ಪಡಿತರ ಚೀಟಿಯಲ್ಲಿ ಉಳಿಯಬೇಕಾದ ಹೆಸರು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮನೆಯವರು ಆಸ್ಪತ್ರೆಗೆ ಹೊರಡುವ ಮುನ್ನ ಹುಡುಕಿಟ್ಟುಕೊಳ್ಳುವುದು ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು. ಅಕ್ಕಿ, ರಾಗಿ ಪಡೆಯಲೆಂದು ಕೊಟ್ಟ ಚೀಟಿಯೊಂದು ಶಸ್ತ್ರಚಿಕಿತ್ಸೆಯ ಖರ್ಚಿಗೂ ಆಧಾರವಾಗುವ ಹೊತ್ತಿಗೆ ಹಲವು ಯೋಜನೆಗಳು ಬಂದು ಹೋಗಿವೆ, ಒಂದರೊಳಗೊಂದು ಬೆರೆತಿವೆ. ಕುಟುಂಬವನ್ನು ಯೋಜನೆಗೆ ಸೇರಿಸುವುದು ಒಂದು ದಿನದಲ್ಲಿ ಮುಗಿಯುತ್ತದೆ, ಆದರೆ ಆ ಕುಟುಂಬದ ಪ್ರತಿಯೊಂದು ಮಗುವಿನ ಹೆಸರನ್ನೂ ವರ್ಷ ವರ್ಷ ಅದರಲ್ಲಿ ಉಳಿಸುವವರು ಯಾರು ಎಂಬ ಪ್ರಶ್ನೆಗೆ ಈ ಯೋಜನೆಗಳು ಕೊಟ್ಟ ಉತ್ತರ ಬೇರೆ ಬೇರೆ.

ಮೊದಲ ಉತ್ತರವೊಂದು ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯಲ್ಲಿ, ಬಂಡೀಪುರ ಮತ್ತು ಮುದುಮಲೆಯ ಕಾಡು ದಾಟಿದ ಮೇಲೆ ಸಿಗುವ ತಮಿಳುನಾಡಿನ ಗೂಡಲೂರಿನಲ್ಲಿ ರೂಪುಗೊಂಡಿತು. ಅಲ್ಲಿನ ಅಕಾರ್ಡ್ ಸಂಸ್ಥೆ, ಆದಿವಾಸಿ ಮುನ್ನೇತ್ರ ಸಂಗಂ ಮತ್ತು ಅಶ್ವಿನಿ ಆಸ್ಪತ್ರೆ ಸೇರಿ 1992ರಲ್ಲಿ ಸಮುದಾಯ ಆರೋಗ್ಯ ವಿಮೆಯನ್ನು, ಅಂದರೆ ಒಂದು ಸಮುದಾಯದವರೇ ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಹಾಕಿ ಕಾಯಿಲೆ ಬಿದ್ದವರ ಆಸ್ಪತ್ರೆ ವೆಚ್ಚವನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು, ಪಣಿಯ, ಬೆಟ್ಟ ಕುರುಂಬ ಮೊದಲಾದ ಆದಿವಾಸಿಗಳಿಗಾಗಿ ಆರಂಭಿಸಿದವು. ವಂತಿಗೆ ಎತ್ತಲು ಕಾರ್ಯಕರ್ತರು ಹಾಡಿಗಳಿಗೇ ಹೋಗುತ್ತಿದ್ದುದರಿಂದ ಯಾವ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಊರು ಬಿಟ್ಟಿದ್ದಾರೆ ಎಂಬುದು ಅವರಿಗೆ ಅದೇ ಸುತ್ತಿನಲ್ಲಿ ತಿಳಿಯುತ್ತಿತ್ತು. ವಿಮೆ ಇದ್ದವರು ಇಲ್ಲದವರಿಗಿಂತ 2.2 ಪಟ್ಟು ಹೆಚ್ಚು ಪ್ರಮಾಣದಲ್ಲಿ ಆಸ್ಪತ್ರೆಗೆ ದಾಖಲಾಗುತ್ತಿದ್ದರೆಂದು ಎನ್. ದೇವದಾಸನ್ ಮತ್ತು ಸಂಗಡಿಗರ ಅಧ್ಯಯನ ಕಂಡುಕೊಂಡಿತು. ಬಡವರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಅಲ್ಲಿಯವರೆಗೆ ಅವರು ಕಾಯಿಲೆಯನ್ನು ಮನೆಯಲ್ಲೇ ಸಹಿಸುತ್ತಿದ್ದರು ಎಂಬುದನ್ನೇ ಆ ಅಂಕಿ ಹೇಳುತ್ತದೆ.

ಹತ್ತು ವರ್ಷಗಳ ನಂತರ, 2002ರಲ್ಲಿ, ಡಾ. ಎಚ್. ಸುದರ್ಶನ್ ಅವರು ಯಳಂದೂರಿನಲ್ಲಿ ಕಟ್ಟಿದ ಕರುಣಾ ಟ್ರಸ್ಟ್ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಇಂಥದೇ ಪ್ರಯೋಗ ನಡೆಸಿ, ಆಸ್ಪತ್ರೆಯಲ್ಲಿ ಕಳೆದ ದಿನಗಳ ಕೂಲಿ ನಷ್ಟಕ್ಕೂ ದಿನಕ್ಕೆ 50 ರೂಪಾಯಿ ಕೊಡುವ ಏರ್ಪಾಡು ಮಾಡಿತು. ಕೂಲಿಯವರನ್ನು ಆಸ್ಪತ್ರೆಯಿಂದ ದೂರವಿಡುವುದು ಔಷಧದ ಬೆಲೆಯಷ್ಟೇ ಅಲ್ಲ, ತಪ್ಪಿದ ದಿನಗೂಲಿಯೂ ಹೌದು ಎಂದು ಅರಿತ ಈ ವಿವೇಕ ಮುಂದೆ ಬಂದ ದೊಡ್ಡ ಯೋಜನೆಗಳಲ್ಲಿ ಮುಂದುವರಿಯಲಿಲ್ಲ.

ರಾಜ್ಯಮಟ್ಟದಲ್ಲಿ 2003ರ ಜೂನ್‌ನಿಂದ ಜಾರಿಗೆ ಬಂದ ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗೆ ಮೀಸಲಾದ ಯೋಜನೆಯಾಗಿತ್ತು. ವರ್ಷಕ್ಕೆ ತಲೆಗೆ 60 ರೂಪಾಯಿಯ ವಂತಿಗೆಯನ್ನು ಹಳ್ಳಿಯ ಹಾಲಿನ ಡೇರಿ ಅಥವಾ ಸೊಸೈಟಿಯ ಮೂಲಕ ಕಟ್ಟಬೇಕಿದ್ದ ಕಾರಣ, ಹೈನುಗಾರಿಕೆ ಬೇರೂರಿದ ಚಾಮರಾಜನಗರ ಜಿಲ್ಲೆಯಲ್ಲಿ ನೋಂದಣಿಯ ಹೊಣೆ ಊರಿನವರೇ ಆದ ಕಾರ್ಯದರ್ಶಿಯ ಮೇಲೆ ಬಿತ್ತು. 2005ರಲ್ಲಿ ವಂತಿಗೆ 120 ರೂಪಾಯಿಗೆ ಏರಿದಾಗ ಸುಮಾರು 20 ಲಕ್ಷವಿದ್ದ ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ತಲೆಗಿಷ್ಟು ಎಂದು ಹಣ ಕಟ್ಟಬೇಕಾದಲ್ಲಿ ಕಾಯಿಲೆಯ ಹಿರಿಯರ ಹೆಸರು ಮೊದಲು ಬರೆಸುವುದೂ, ಆಡಿಕೊಂಡಿರುವ ಮಕ್ಕಳ ಹೆಸರು ಬಿಟ್ಟುಹೋಗುವುದೂ ಸಹಜ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 2008ರಲ್ಲಿ ಆರಂಭವಾದಾಗ ಕುಟುಂಬವು ಕೊಡಬೇಕಾದ ನೋಂದಣಿ ಶುಲ್ಕ 30 ರೂಪಾಯಿ ಮಾತ್ರವಿತ್ತು. ಆದರೆ ಸ್ಮಾರ್ಟ್ ಕಾರ್ಡಿನಲ್ಲಿ ಐದೇ ಜನರಿಗೆ ಜಾಗ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಆ ವರ್ಷ ಮುಗಿಯುವ ತನಕ ತಾನಾಗಿಯೇ ರಕ್ಷಣೆ ಸಿಗುತ್ತಿತ್ತು. ಕಾರ್ಡು ನವೀಕರಿಸುವಾಗ ಮಾತ್ರ, ಐದು ಹೆಸರು ಈಗಾಗಲೇ ತುಂಬಿದ ಮನೆಯವರು ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಸೇರಿಸಬೇಕಾಗುತ್ತಿತ್ತು. ಕರ್ನಾಟಕದ ಆರಂಭಿಕ ಜಿಲ್ಲೆಗಳಲ್ಲಿ ಡಿ. ರಾಜಶೇಖರ್ ಮತ್ತಿತರರು ನಡೆಸಿದ ಸಮೀಕ್ಷೆಯ ಪ್ರಕಾರ ಅರ್ಹ ಕುಟುಂಬಗಳಲ್ಲಿ ಶೇ 68ರಷ್ಟು ನೋಂದಾಯಿಸಿಕೊಂಡಿದ್ದವು. ಹೀಗಿದ್ದೂ ಅನೇಕರಿಗೆ ಕಾರ್ಡು ಕೈಸೇರಿರಲಿಲ್ಲ, ಚಿಕಿತ್ಸೆ ಪಡೆದವರು ಇಲ್ಲವೆನ್ನುವಷ್ಟು ಕಡಿಮೆ.

ನೋಂದಣಿಯ ಈ ತೊಡಕನ್ನು ಬುಡದಲ್ಲೇ ಬಿಡಿಸಿದ್ದು ರಾಜ್ಯದ ವಾಜಪೇಯಿ ಆರೋಗ್ಯಶ್ರೀ. 2010ರ ಫೆಬ್ರವರಿಯಲ್ಲಿ ಗುಲ್ಬರ್ಗ ವಿಭಾಗದಲ್ಲಿ ಆರಂಭವಾಗಿ, ಚಾಮರಾಜನಗರ ಸೇರಿದ ಮೈಸೂರು ವಿಭಾಗಕ್ಕೆ ತಡವಾಗಿ ತಲುಪಿದ ಈ ಯೋಜನೆಯಲ್ಲಿ ಪ್ರತ್ಯೇಕ ನೋಂದಣಿಯೂ ಇರಲಿಲ್ಲ, ವಂತಿಗೆಯೂ ಇರಲಿಲ್ಲ. ಬಿಪಿಎಲ್ ಪಡಿತರ ಚೀಟಿಯೇ ಸಾಕಾಗಿತ್ತು. 2018ರ ಮಾರ್ಚ್‌ನಲ್ಲಿ ಬಂದ ಆರೋಗ್ಯ ಕರ್ನಾಟಕ ಇದನ್ನೂ ಯಶಸ್ವಿನಿಯನ್ನೂ ಒಳಗೊಂಡಿತು, ಅಕ್ಟೋಬರ್ ಕೊನೆಯಲ್ಲಿ ಆಯುಷ್ಮಾನ್ ಭಾರತದೊಂದಿಗೆ ಕೂಡಿತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸಿತು. ಐದು ಜನರ ಮಿತಿ ಇಲ್ಲವಾಯಿತು. ವಿಮಾ ಕಂಪನಿಯ ಬದಲು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರವೇ ಆಸ್ಪತ್ರೆಗೆ ಹಣ ಪಾವತಿಸುವ ಈ ಕ್ರಮಕ್ಕೆ ಭರವಸೆ ಮಾದರಿ ಎಂದು ಹೆಸರು.

ಇದು ನಿಜವಾದ ಮುನ್ನಡೆ. ಆದರೆ ವಂತಿಗೆ ಹೋದಾಗ ಅದರೊಂದಿಗೆ ವರ್ಷಕ್ಕೊಮ್ಮೆ ಮನೆಯ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಪದ್ಧತಿಯೂ ಹೋಯಿತು. ಈಗ ಮಗುವಿನ ಹೆಸರು ಚೀಟಿಗೆ ಸೇರಬೇಕಾದರೆ ಮೊದಲು ಜನನ ಪ್ರಮಾಣಪತ್ರ, ಬಳಿಕ ಆಧಾರ್, ಆಮೇಲೆ ಆಹಾರ ಇಲಾಖೆಗೆ ಅರ್ಜಿ, ಹೀಗೆ ಮೂರು ಬಾಗಿಲುಗಳನ್ನು ತಂದೆತಾಯಿಯೇ ತಟ್ಟಬೇಕು. ಐದು ಮತ್ತು ಹದಿನೈದನೇ ವಯಸ್ಸಿಗೆ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಆಧಾರ್‌ನಲ್ಲಿ ಮತ್ತೆ ದಾಖಲಿಸಬೇಕು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ (ಆದಿವಾಸಿ ಹಾಡಿಗಳಿಂದ) ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿಬರುವ ಸೋಲಿಗ ಕುಟುಂಬಕ್ಕೆ ಪ್ರತಿಯೊಂದು ಬಾಗಿಲೂ ಒಂದೊಂದು ದಿನದ ಕೂಲಿ.

ಯಶಸ್ವಿನಿ ಮತ್ತೆ ಜಾರಿಯಾಗಿ, 2023ರ ಜನವರಿಯಿಂದ ಚಿಕಿತ್ಸೆ ಕೊಡತೊಡಗಿದಾಗ ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಎಂದು ವಂತಿಗೆ ಗೊತ್ತಾಯಿತು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಪಾಲನ್ನು ಸರ್ಕಾರವೇ ಭರಿಸಿತು. ತಲೆಲೆಕ್ಕ ಕೈಬಿಟ್ಟು ಕುಟುಂಬವನ್ನೇ ಘಟಕವಾಗಿ ಹಿಡಿದದ್ದು ಹಳೆಯ ಅನುಭವದ ಫಲವೆಂದು ಧಾರಾಳವಾಗಿ ಹೇಳಬಹುದು. ಸಂಘದ ಸದಸ್ಯತ್ವವಿಲ್ಲದ ಭೂರಹಿತರ ಮಕ್ಕಳಿಗೆ ಮಾತ್ರ ಪಡಿತರ ಚೀಟಿಯೊಂದೇ ದಾರಿ. ಆ ಮಕ್ಕಳ ಹೆಸರು, ಹುಟ್ಟಿದ ದಿನ, ತೂಕ ಎಲ್ಲವೂ ಅಂಗನವಾಡಿ ಕಾರ್ಯಕರ್ತೆಯ ದಾಖಲೆಯಲ್ಲಿವೆ, ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೇಗೂ ಹೋಗುತ್ತಾರೆ. ಚೀಟಿಗೆ ಹೆಸರು ಸೇರಿಸುವ ಅರ್ಜಿಯನ್ನು ಆ ಭೇಟಿಯಲ್ಲೇ ಬರೆಸಿಕೊಂಡು ಅದಕ್ಕೆ ಪ್ರತ್ಯೇಕ ಗೌರವಧನ ಕೊಡಲು ಹೊಸ ಕಾಯ್ದೆಯಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ, ಆರೋಗ್ಯ, ಆಹಾರ ಮತ್ತು ಮಹಿಳಾ-ಮಕ್ಕಳ ಅಭಿವೃದ್ಧಿ ಇಲಾಖೆಗಳ ಜಂಟಿ ಆದೇಶವೊಂದು ಬೇಕು.