ದವಡೆಯ ಕೀಲುನೋವಿಗೆ ಭೌತಚಿಕಿತ್ಸೆ

ಕೇಳುಗರಲ್ಲಿ ಒಂದು ಚಿಕ್ಕ ಬಿನ್ನಹದೊಂದಿಗೆ ಈ ಮಾತನ್ನು ಆರಂಭಿಸುತ್ತೇನೆ. ನಿಮ್ಮ ಎರಡು ತೋರುಬೆರಳುಗಳನ್ನು ಎರಡು ಕಿವಿಗಳ ಮುಂದೆ, ಕಿವಿಗೆ ತಾಗಿದಂತೆ ಇಟ್ಟುಕೊಂಡು ಬಾಯಿಯನ್ನು ಮೆಲ್ಲನೆ ತೆರೆದು ಮುಚ್ಚಿರಿ. ಬೆರಳ ತುದಿಯ ಕೆಳಗೆ ಏನೋ ತಿರುಗಿ, ಮುಂದಕ್ಕೆ ಜಾರಿ, ಮತ್ತೆ ತನ್ನ ಗೂಡಿಗೆ ಮರಳಿದಂತೆ ತೋರುತ್ತದೆ. ಅದೇ ದವಡೆಯ ಕೀಲು. ಮಾತು, ಊಟ, ನಗು, ಹಾಡು, ಆಕಳಿಕೆ ಇವೆಲ್ಲವೂ ಈ ಕೀಲಿನ ಕೃಪೆಯಿಂದಲೇ ನಡೆಯಬೇಕು. ಮೊಣಕಾಲಿಗೂ ಸೊಂಟಕ್ಕೂ ಸಲ್ಲುವ ಗಮನ ಇದಕ್ಕೆ ಸಲ್ಲುವುದಿಲ್ಲ. ನೋವು ಬಂದಾಗ ಮಾತ್ರ, ಇಂಥದೊಂದು ಕೀಲು ನಮಗಿದೆಯೆಂಬುದು ಅರಿವಾಗುತ್ತದೆ.

ಹರಿಹರದಿಂದ ದಿನವೂ ಸುಮಾರು 14 ಕಿಲೋಮೀಟರು ಪಯಣಿಸಿ ದಾವಣಗೆರೆಗೆ ಬಂದು ಪಾಠ ಹೇಳುವ ಒಬ್ಬ ಉಪಾಧ್ಯಾಯಿನಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಮೂವತ್ತೈದು. ಒಂದು ಬೆಳಿಗ್ಗೆ ಏಳುವಾಗ ಬಲಗಿವಿಯ ಮುಂದೆ ನೋವು, ಕಣತಲೆಯಲ್ಲಿ ಸೆಳೆತ. ಕಿವಿಯ ತೊಂದರೆಯಿರಬೇಕೆಂದು ಹನಿ ಹಾಕಿದ್ದಾಯಿತು. ಹಲ್ಲಿನದಿರಬೇಕೆಂದು ಒಂದು ದವಡೆಹಲ್ಲನ್ನು ಕೀಳಿಸಿದ್ದೂ ಆಯಿತು. ನೋವು ಇದ್ದಲ್ಲಿಯೇ ಇದೆ. ಸಂಜೆ ಮನೆಮಂದಿಯೆಲ್ಲ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತಾಗ ಆಕೆ ಏನೋ ನೆಪ ಹೇಳಿ ಎದ್ದುಹೋಗುತ್ತಾರೆ. ತರಗತಿಯಲ್ಲಿ ಪದ್ಯವನ್ನು ಬಾಯ್ದೆರೆದು ಓದಲಾರದೆ ಮಕ್ಕಳಿಂದ ಓದಿಸುತ್ತಾರೆ. ಯಾರಿಗೂ ಹೇಳದ ಒಂದು ಭಯ ಒಳಗೇ ಬೆಳೆಯುತ್ತದೆ: ‘ಇದು ದೊಡ್ಡ ರೋಗವೇನಾದರೂ ಇದ್ದರೆ?’ ಇದು ಯಾವ ಒಬ್ಬರ ಕಥೆಯೂ ಅಲ್ಲ. ಈ ಬೇನೆಯುಳ್ಳ ಅನೇಕರು ನಡೆದು ಬಂದ ದಾರಿ. ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲಿಯೂ ಇಪ್ಪತ್ತರಿಂದ ನಲವತ್ತರ ಪ್ರಾಯದವರಲ್ಲಿ, ಹೆಚ್ಚಾಗಿ ಕಾಣುತ್ತದೆ.

ಕೀಲಿನ ನೋವು ಕಿವಿಯದೆಂದು ಭಾಸವಾಗುವುದೇಕೆ? ಕೀಲು ಕಿವಿಯ ನಾಳದ ಗೋಡೆಗೆ ಅಂಟಿದಂತೆಯೇ ಇದೆ. ಜೊತೆಗೆ, ಕೀಲಿಗೆ ಸ್ಪರ್ಶಜ್ಞಾನ ಕೊಡುವ ನರದ ಕವಲೇ ಕಿವಿಯ ಮುಂಭಾಗಕ್ಕೂ ಕಣತಲೆಗೂ ಹೋಗುತ್ತದೆ. ಒಂದೇ ತಂತಿಯ ಮೇಲೆ ಬಂದ ದೂರು ಯಾವ ಮನೆಯದೆಂದು ಮೆದುಳಿಗೆ ಗೊತ್ತಾಗುವುದಿಲ್ಲ. ಈ ಬೇನೆಯತ್ತ ವೈದ್ಯಲೋಕದ ಗಮನವನ್ನು ಸೆಳೆದವರೂ ಒಬ್ಬ ಕಿವಿ-ಗಂಟಲಿನ ವೈದ್ಯರೇ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕೆಯ ಜೇಮ್ಸ್ ಕಾಸ್ಟನ್ ಅವರು 1934ರಲ್ಲಿ ಕಿವಿಯ ಬೇನೆಗಳನ್ನೂ ದವಡೆಯ ಕೀಲನ್ನೂ ಜೋಡಿಸಿ ಬರೆದರು. ಹಲ್ಲು ಬಿದ್ದು ದವಡೆ ಕುಸಿಯುವುದೇ ಕಾರಣವೆಂಬ ಅವರ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಕಿವಿ ಹಿಡಿದು ಬಂದವನ ಕೀಲನ್ನೂ ಮುಟ್ಟಿ ನೋಡಬೇಕೆಂಬ ಪಾಠ ಉಳಿಯಿತು.

ಈ ಕೀಲಿನ ರಚನೆಯನ್ನು ಅರಿಯಲು ಹರಿಹರದ ದೇವಾಲಯವನ್ನೇ ನೆನೆಯಬಹುದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ಗುಡಿಯ ಗರ್ಭಗೃಹದಲ್ಲಿ ಹರನೂ ಹರಿಯೂ ಒಂದೇ ಮೂರ್ತಿಯ ಬಲ-ಎಡಗಳಾಗಿ ನಿಂತಿದ್ದಾರೆ. ಮೊಣಕಾಲೊಂದು ನೊಂದರೆ ಇನ್ನೊಂದರ ಮೇಲೆ ಭಾರ ಹಾಕಿ ಕುಂಟಬಹುದು. ದವಡೆಗೆ ಆ ಸೌಕರ್ಯವಿಲ್ಲ. ಕೆಳದವಡೆಯದು ಒಂದೇ ಎಲುಬು. ಅದರ ಎರಡು ತುದಿಗಳಲ್ಲಿ ಎರಡು ಕೀಲುಗಳು. ಒಂದು ಚಲಿಸಿದರೆ ಇನ್ನೊಂದೂ ಚಲಿಸಲೇಬೇಕು. ಒಂದು ಬದಿ ಮುಂದೆ ಜಾರದೆ ತಡೆದು ನಿಂತರೆ ಬಾಯಿ ತೆರೆಯುವಾಗ ಗದ್ದ ಆ ಬದಿಗೇ ವಾಲುತ್ತದೆ. ಕನ್ನಡಿಯ ಮುಂದೆ ನಿಂತು ಯಾರು ಬೇಕಾದರೂ ಇದನ್ನು ನೋಡಬಹುದು.

ಪ್ರತಿಯೊಂದು ಕೀಲಿನಲ್ಲಿಯೂ ಎರಡು ಎಲುಬುಗಳ ನಡುವೆ ಗಟ್ಟಿ ನಾರಿನ ಒಂದು ಬಿಲ್ಲೆಯಿದೆ. ಬಾಯಿ ತೆರೆಯುವ ಮೊದಲರ್ಧದಲ್ಲಿ ಎಲುಬಿನ ತಲೆ ಕದದ ತಿರುಗಣಿಯಂತೆ ತಿರುಗುತ್ತದೆ. ಉತ್ತರಾರ್ಧದಲ್ಲಿ ಬಿಲ್ಲೆಯನ್ನೂ ಹೊತ್ತುಕೊಂಡು ಮುಂದಕ್ಕೆ ಜಾರುತ್ತದೆ. ಆರೋಗ್ಯವಂತರ ಬಾಯಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರು ತೆರೆಯುತ್ತದೆ. ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಬಹುದಾದರೆ ಚಿಂತೆಯಿಲ್ಲ. ಬಿಲ್ಲೆ ತನ್ನ ನೆಲೆಯಿಂದ ಸ್ವಲ್ಪ ಮುಂದೆ ಸರಿದಿದ್ದರೆ, ಎಲುಬಿನ ತಲೆ ಅದನ್ನು ಹತ್ತುವಾಗ ‘ಟಕ್’ ಎಂಬ ಸದ್ದಾಗುತ್ತದೆ. ಹತ್ತಲಾರದೆ ಹೋದರೆ ಬಾಯಿ ಅರ್ಧದಲ್ಲೇ ನಿಲ್ಲುತ್ತದೆ. ಇಲ್ಲೊಂದು ಸಮಾಧಾನದ ಮಾತನ್ನು ಹೇಳಬೇಕು: ನೋವಿಲ್ಲದ, ಬಾಯಿಯನ್ನು ತಡೆಯದ ಬರಿಯ ಸದ್ದು ಅನೇಕರಲ್ಲಿ ಇರುವಂಥದು, ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ.

ನೋವಿನ ಮೂಲ ಎಷ್ಟೋ ಸಲ ಕೀಲಿಗಿಂತ ಹೆಚ್ಚಾಗಿ ಅದನ್ನು ಎಳೆಯುವ ಸ್ನಾಯುಗಳಲ್ಲಿರುತ್ತದೆ. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯು, ಕಣತಲೆಯ ಬೀಸಣಿಗೆಯಂಥ ಸ್ನಾಯು ಇವು ಮುಖ್ಯವಾದವು. ನಾವು ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಬಾರದು. ಮನಸ್ಸಿನಲ್ಲಿ ಕಳವಳವಿರುವವರು, ರಾತ್ರಿ ಹಲ್ಲು ಕಡಿಯುವವರು, ಹಗಲೆಲ್ಲ ಕೆಲಸದ ಭರದಲ್ಲಿ ಅರಿವಿಲ್ಲದೆ ಹಲ್ಲು ಬಿಗಿಹಿಡಿಯುವವರು ಈ ಸ್ನಾಯುಗಳಿಗೆ ವಿಶ್ರಾಂತಿಯನ್ನೇ ಕೊಡುವುದಿಲ್ಲ. ‘ಹಲ್ಲು ಕಚ್ಚಿ ಸಹಿಸಿಕೊಂಡೆ’ ಎಂದು ನಮ್ಮಲ್ಲಿ ಹೇಳುವುದುಂಟಷ್ಟೆ. ಸಹನೆಯ ಆ ಬೆಲೆಯನ್ನು ತೆರುವುದು ಈ ಸ್ನಾಯುಗಳು.

ಆದರೆ ಬಾಯಿ ತೆರೆಯದಿರುವುದೆಲ್ಲ ಕೀಲಿನ ಬೇನೆಯಲ್ಲ. ನಮ್ಮ ಜಿಲ್ಲೆಯ ಚನ್ನಗಿರಿ ಸೀಮೆ ಅಡಕೆಯ ನಾಡು. ಅಡಕೆಯನ್ನೂ ಗುಟ್ಕಾದಂಥ ಪೊಟ್ಟಣಗಳನ್ನೂ ಸದಾ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಳಿಚಿ, ನಾರುಗಟ್ಟಿ, ಬಾಯಿ ದಿನೇ ದಿನೇ ಕಿರಿದಾಗುತ್ತ ಹೋಗುವ ಒಂದು ರೋಗವಿದೆ. ಖಾರ ತಾಗಿದರೆ ಬಾಯಿ ಉರಿಯುವುದು ಅದರ ಮೊದಲ ಸೂಚನೆಗಳಲ್ಲೊಂದು. ಅದು ಮುಂದೆ ಅರ್ಬುದಕ್ಕೆ ತಿರುಗಬಹುದಾದ್ದರಿಂದ ಅದನ್ನು ಕೀಲುನೋವೆಂದು ಬಗೆದು ಕಾಲ ಕಳೆಯುವುದು ಅಪಾಯ. ಅಲ್ಲಿಯೂ ಬಾಯಿ ತೆರೆಯುವ ವ್ಯಾಯಾಮಗಳನ್ನು ಮಾಡಿಸುವುದುಂಟು. ಆದರೆ ಜಗಿಯುವುದನ್ನು ಬಿಡದೆ ಮಾಡುವ ವ್ಯಾಯಾಮ, ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದಂತೆ.

ಇನ್ನು ಚಿಕಿತ್ಸೆಯ ಮಾತು. ಭೌತಚಿಕಿತ್ಸೆ, ಅಂದರೆ ಫಿಸಿಯೋಥೆರಪಿ, ಕೈ, ಕಾವು, ಚಲನೆ, ಅಭ್ಯಾಸ ಈ ನಾಲ್ಕನ್ನು ನೆಚ್ಚಿದ ವಿದ್ಯೆ. ಇದರ ಬೇರು ಹಳೆಯದು. ಸುಶ್ರುತಸಂಹಿತೆಯಲ್ಲಿ ಜಾರಿದ ದವಡೆಯ ಕೀಲಿಗೆ ಮೊದಲು ಸ್ವೇದನ, ಎಂದರೆ ಕಾವು, ಬಳಿಕ ಕೀಲನ್ನು ನೆಲೆಗೆ ತಂದು ಕಟ್ಟು ಹಾಕುವ ವಿಧಾನವಿದೆ. ಮೊದಲು ಸ್ನಾಯುವನ್ನು ಸಡಿಲಿಸು, ಆಮೇಲೆ ಎಲುಬನ್ನು ಮುಟ್ಟು ಎಂಬ ಈ ಕ್ರಮ ಇಂದಿಗೂ ಒಪ್ಪುವಂಥದು.

ಮೊದಲ ಹೆಜ್ಜೆ ದವಡೆಗೆ ಬಿಡುವು ಕೊಡುವುದು. ನೋವು ತೀವ್ರವಾಗಿರುವಾಗ ಗಟ್ಟಿ ರೊಟ್ಟಿ, ಚಕ್ಕುಲಿ, ಹುರಿಗಡಲೆಗಳನ್ನು ಕೆಲವು ದಿನ ದೂರವಿರಿಸಿ, ಮಿದುವಾದ ಅನ್ನ, ಅಂಬಲಿಗಳನ್ನು ಉಣ್ಣಬೇಕು. ಅಗಿಯದೆ ನುಂಗುವ ರಾಗಿಮುದ್ದೆಯಂತೂ ಈ ರೋಗಿಗೆಂದೇ ಮಾಡಿದಂತಿದೆ! ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆ, ಕಣತಲೆಗಳಿಗೆ ಹದಿನೈದಿಪ್ಪತ್ತು ನಿಮಿಷ ಹಿತವಾದ ಕಾವು ಕೊಡಬೇಕು. ಆಕಳಿಕೆ ಬಂದಾಗ ಗದ್ದದ ಕೆಳಗೆ ಕೈಯ ಆಸರೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ದವಡೆಯ ವಿಶ್ರಾಂತಿಯ ಭಂಗಿ: ತುಟಿಗಳು ಕೂಡಿರಲಿ, ಹಲ್ಲುಗಳು ಬಿಟ್ಟಿರಲಿ, ನಾಲಗೆಯ ತುದಿ ಮುಂಬಲ್ಲುಗಳ ಹಿಂದಿನ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ. ದಿನದಲ್ಲಿ ಹತ್ತಾರು ಸಲ ಇದನ್ನು ನೆನೆದು ಸರಿಪಡಿಸಿಕೊಂಡರೆ ಅರ್ಧ ಚಿಕಿತ್ಸೆ ಆದಂತೆಯೇ.

ಎರಡನೆಯ ಹೆಜ್ಜೆ ಚಿಕಿತ್ಸಕರ ಕೈಯದು. ಸ್ನಾಯುವಿನಲ್ಲಿ ಗಂಟುಗಟ್ಟಿದ ನೋವಿನ ಬಿಂದುಗಳನ್ನು ಅವರು ಬೆರಳಿನಿಂದ ಹುಡುಕಿ, ಒತ್ತಿ ಹಿಡಿದು ಸಡಿಲಿಸುತ್ತಾರೆ. ಕೈಗವಸು ತೊಟ್ಟ ಹೆಬ್ಬೆರಳನ್ನು ಬಾಯೊಳಗೆ ಕೆಳದವಡೆಯ ಹಲ್ಲುಗಳ ಮೇಲಿರಿಸಿ, ದವಡೆಯನ್ನು ಕೆಳಕ್ಕೂ ಮುಂದಕ್ಕೂ ಹದವಾಗಿ ಎಳೆದು, ಬಿಗಿದ ಕೀಲಿಗೆ ಕಳೆದುಹೋದ ಜಾರುವಿಕೆಯನ್ನು ಮರಳಿಸಲು ಯತ್ನಿಸುತ್ತಾರೆ. ಕತ್ತನ್ನೂ ಪರೀಕ್ಷಿಸುತ್ತಾರೆ, ಏಕೆಂದರೆ ತಲೆ ಮುಂದಕ್ಕೆ ಚಾಚಿ ಮೊಬೈಲು ನೋಡುತ್ತಲೋ ಉತ್ತರಪತ್ರಿಕೆ ತಿದ್ದುತ್ತಲೋ ಗಂಟೆಗಟ್ಟಲೆ ಕೂತರೆ ಕತ್ತಿನ ಬಿಗಿತ ದವಡೆಗೂ ಹರಡಬಹುದು. ಇದು ಬಲಪ್ರಯೋಗದ ಕೆಲಸವಲ್ಲ, ತರಬೇತಾದ ಕೈಯ ಕೆಲಸ. ಜಾತ್ರೆಯಲ್ಲಿ ನೆಟಿಗೆ ತೆಗೆಯುವವರ ಕೈಗೆ ದವಡೆಯನ್ನು ಒಪ್ಪಿಸಬಾರದು.

ಮೂರನೆಯ ಹೆಜ್ಜೆ ರೋಗಿಯದೇ. ನಾಲಗೆಯನ್ನು ಅಂಗುಳದಿಂದ ಬಿಡದೆ ಬಾಯಿಯನ್ನು ತೆರೆದು ಮುಚ್ಚುವುದು; ಕನ್ನಡಿ ನೋಡುತ್ತ ಗದ್ದ ಓರೆಯಾಗದಂತೆ ತೆರೆಯುವುದು; ಗದ್ದಕ್ಕೆ ಬೆರಳಿನ ಸಣ್ಣ ತಡೆಯೊಡ್ಡಿ ಅದರ ಎದುರಿಗೆ ದವಡೆಯನ್ನು ಸ್ಥಿರವಾಗಿ ಹಿಡಿಯುವುದು; ಕತ್ತನ್ನೂ ಹೆಗಲನ್ನೂ ನೇರಗೊಳಿಸುವುದು. ಚಿಲಿ ದೇಶದ ಮರಿಯಾನೊ ರೊಕಬಾಡೊ ಎಂಬ ಭೌತಚಿಕಿತ್ಸಕರು ಇಂಥ ಆರು ವ್ಯಾಯಾಮಗಳನ್ನು ಒಂದೊಂದನ್ನೂ ಆರು ಸಲದಂತೆ ದಿನಕ್ಕೆ ಆರು ಬಾರಿ ಮಾಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ನೋವನ್ನು ಕೆರಳಿಸುವಷ್ಟು ಮಾಡಬಾರದು. ಒಂದೇ ದಿನ ಮಾಡಿ ಬಿಡಲೂಬಾರದು. ಫಲ ಕಾಣಲು ಸಾಮಾನ್ಯವಾಗಿ ಕೆಲವು ವಾರಗಳೇ ಬೇಕಾಗುತ್ತವೆ.

ಹರಿಹರದವರಿಗೆ ಯಂತ್ರದ ಭಾಷೆ ಹೊಸದಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಒಂದು ಕಾಲಕ್ಕೆ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದ್ದವು. ಸವೆದ ಬೇರಿಂಗನ್ನು ಸರಿಪಡಿಸಲು ಯಂತ್ರವನ್ನು ನಿಲ್ಲಿಸಬೇಕೆಂದು ಅಲ್ಲಿಯ ಕೆಲಸಗಾರರು ಬಲ್ಲರು. ಜೀವಂತ ಕೀಲಿನ ನಿಯಮ ಬೇರೆ. ಅದನ್ನು ಪೂರ್ತಿ ನಿಲ್ಲಿಸಿದರೆ ಸ್ನಾಯು ಮೊಟಕಾಗಿ ಬಿಗಿತ ಹೆಚ್ಚುತ್ತದೆ. ಹದವಾಗಿ ಚಲಿಸಿದರೆ ಕೀಲಿನ ರಸ ಹರಿದಾಡಿ ಅದು ಚಲನೆಯಲ್ಲಿಯೇ ದುರಸ್ತಿಯಾಗುತ್ತದೆ. ನೋವಿಗೆ ಹೆದರಿ ತಿಂಗಳುಗಟ್ಟಲೆ ಬಾಯಿ ತೆರೆಯದವರು ಈ ಕಾರಣದಿಂದಲೇ ಇನ್ನಷ್ಟು ಕಷ್ಟಕ್ಕೆ ಸಿಲುಕುತ್ತಾರೆ.

ಇದೆಲ್ಲ ಮನೆಮದ್ದಿನಂತೆ ಕಾಣಬಹುದು. ಆದರೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ಮೂರು ತಿಂಗಳಿಗೂ ಮೀರಿ ಉಳಿದ ದವಡೆನೋವಿಗೆ ಬಲವಾಗಿ ಶಿಫಾರಸು ಮಾಡಿದ್ದು ಇಂಥವನ್ನೇ: ಚಿಕಿತ್ಸಕರ ನೆರವಿನ ಕೀಲುಚಲನೆ, ನೋವಿನ ಬಿಂದುಗಳ ಒತ್ತುಚಿಕಿತ್ಸೆ, ಮೇಲ್ವಿಚಾರಣೆಯಲ್ಲಿ ನಡೆಯುವ ದವಡೆಯ ಮತ್ತು ದೇಹಭಂಗಿಯ ವ್ಯಾಯಾಮಗಳು, ಮನಸ್ಸಿನ ಬಿಗಿತವನ್ನು ಸಡಿಲಿಸುವ ಸಲಹೆ, ರೋಗಿಗೆ ಧೈರ್ಯ ಮತ್ತು ತಿಳಿವಳಿಕೆ. ಬಿಲ್ಲೆಯನ್ನು ಕತ್ತರಿಸಿ ತೆಗೆಯುವಂಥ, ಹಿಂದಿರುಗಿ ಬರಲಾಗದ ಉಪಾಯಗಳಿಗೆ ಅದು ಸ್ಪಷ್ಟವಾಗಿ ಬೇಡವೆಂದಿತು. ತೆಗೆದ ಹಲ್ಲು, ಕತ್ತರಿಸಿದ ಬಿಲ್ಲೆ ಮರಳಿ ಬಾರವು. ವ್ಯಾಯಾಮ ಫಲಿಸದಿದ್ದರೆ ಕಳೆದುಕೊಂಡದ್ದು ಕೆಲವು ವಾರ ಮಾತ್ರ. ಮೊದಲು ಯಾವ ದಾರಿ ಹಿಡಿಯಬೇಕೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ತೆರೆದ ಬಾಯಿ ಮುಚ್ಚದೆ ನಿಂತರೆ, ಪೆಟ್ಟು ಬಿದ್ದಿದ್ದರೆ, ಜ್ವರ ಅಥವಾ ಬಾವು ಇದ್ದರೆ, ಗಾಯದ ಬಳಿಕ ದವಡೆ ಸೆಟೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಾಯಲ್ಲಿ ಮಾಯದ ಹುಣ್ಣಿದ್ದರೆ ತೋರಿಸಲೇಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಅಗಿಯುವಾಗ ದವಡೆ ಸೋತು, ದೃಷ್ಟಿ ಮಂಕಾದರೆ ಅದು ಕಣ್ಣಿಗೇ ಬಂದ ಗಂಡಾಂತರ. ನಡೆದಾಗ ದವಡೆ ನೊಂದು, ಎದೆ ಬಿಗಿದು, ಬೆವರು ಬಂದರೆ ಅದು ಹೃದಯದ ಕೂಗಾಗಿರಬಹುದು. ಆಗ ಕಾವು ಕೊಡುತ್ತ ಕೂರಬಾರದು.

ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ 1979ರಿಂದ ಬಾಪೂಜಿ ದಂತವೈದ್ಯಕೀಯ ಕಾಲೇಜೂ ಇವೆ. ದವಡೆಯ ಕೀಲು ಇರುವುದು ಈ ಎರಡು ವಿದ್ಯೆಗಳ ಗಡಿಯಲ್ಲಿ. ಗಡಿಯಲ್ಲಿರುವ ಊರಿನಂತೆ ಅದು ಇಬ್ಬರಿಂದಲೂ ತಪ್ಪಿಸಿಕೊಳ್ಳುವ ಸಂಭವವುಂಟು. ಹರಿಹರಕ್ಕೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ತುಂಗಭದ್ರೆಯೂ ಹರಿದ್ರೆಯೂ ಅಲ್ಲಿ ಕೂಡುತ್ತವೆ. ವೈದ್ಯರು, ದಂತವೈದ್ಯರು, ಭೌತಚಿಕಿತ್ಸಕರು ಹಾಗೆ ಕೂಡಿದಲ್ಲಿ ಈ ನೋವಿಗೆ ಬಹುಪಾಲು ಪರಿಹಾರವುಂಟು. ನಾವು ಕಲ್ಪಿಸಿಕೊಂಡ ಆ ಉಪಾಧ್ಯಾಯಿನಿ ಕೀಳಿಸಿಕೊಂಡ ಹಲ್ಲು ಮತ್ತೆ ಬಾರದು. ಆದರೆ ಕೆಲವು ವಾರಗಳ ಅಭ್ಯಾಸದ ಬಳಿಕ ಆಕೆ ತರಗತಿಯಲ್ಲಿ ಪುಸ್ತಕ ತೆರೆದು ಪದ್ಯವನ್ನು ತಾವೇ ಓದಿಯಾರು. ಸಂಜೆ ಮನೆಯವರ ನಡುವೆ ಕೂತು, ಮಂಡಕ್ಕಿಯ ಮೊದಲ ಹಿಡಿಯನ್ನು ಎರಡೂ ಬದಿಯಿಂದ ನಿಧಾನವಾಗಿ ಅಗಿದಾರು.